ಪತ್ರಕರ್ತ, ಟಿ.ವಿ. ವಿಮರ್ಶಕರೊಬ್ಬರ ಬದುಕನ್ನು ಬರೆಯುವ ಬಗೆ

ಮುಂಬಯಿಯ ಕನ್ನಡ ಸಂಘಗಳು ಹೊರತರುವ ಸ್ಮರಣ ಸಂಚಿಕೆಗಳಲ್ಲಿಯೂ ಅಭಿನಂದನ ಗ್ರಂಥಗಳಲ್ಲಿಯೂ ಪತ್ರಕರ್ತರನ್ನು ಕುರಿತ ಲೇಖನಗಳಿಗೆ ಕೊರತೆಯಿಲ್ಲ. ಹುಟ್ಟೂರು, ಮುಂಬಯಿಗೆ ಬಂದ ವರ್ಷ, ಹೋಟೆಲಿನಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಓದಿದ್ದು, ಪತ್ರಿಕೆಗೆ ಸೇರಿದ್ದು, ಕೊನೆಗೆ ಸನ್ಮಾನಗಳ ಪಟ್ಟಿ, ಹೀಗೆ ಸಾಗುವ ಲೇಖನದಲ್ಲಿ ಹೆಸರೊಂದನ್ನು ಬದಲಿಸಿದರೆ ಅದು ಇನ್ನೊಬ್ಬರಿಗೂ ಸರಿಹೊಂದುತ್ತದೆ. ಸುದ್ದಿಮನೆಯ ಕೆಲಸದ ಜೊತೆಗೆ ವಾರಕ್ಕೊಮ್ಮೆ ಟಿ.ವಿ. ಕಾರ್ಯಕ್ರಮಗಳ ಬಗ್ಗೆ ಅಂಕಣ ಬರೆದವರ ವಿಷಯದಲ್ಲಿ ಈ ಕ್ರಮ ಏನೇನೂ ಸಾಲದು. ಅವರು ನೋಡಿ ಬರೆದ ಕಾರ್ಯಕ್ರಮಗಳಲ್ಲಿ ಎಷ್ಟೋ ಇಂದು ನೋಡಲು ಸಿಗುವುದಿಲ್ಲ. ಟೇಪು ದುಬಾರಿಯಾಗಿದ್ದ ದಿನಗಳಲ್ಲಿ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಮುದ್ರಿಸಿಕೊಳ್ಳುವುದು ವಾಡಿಕೆಯಾಗಿತ್ತು. ಹಾಗಾಗಿ ಅಂತಹ ಕಾರ್ಯಕ್ರಮಗಳಿಗೆ ಅಂಕಣವೇ ಸಾಕ್ಷಿ, ಅಂಕಣಕಾರರ ಬದುಕಿಗೂ ಅದೇ ಮುಖ್ಯ ದಾಖಲೆ. ಬರವಣಿಗೆಯನ್ನು ಹುಟ್ಟೂರಿನಿಂದ ಆರಂಭಿಸದೆ ಅಂಕಣದಿಂದ ಆರಂಭಿಸುವುದು ಲೇಸು.

ಮೊದಲು ಮನೆಯವರ ಬಳಿ ಇರುವ ಪತ್ರಿಕಾ ತುಣುಕುಗಳನ್ನು ಕೇಳಿ ಪಡೆಯಬೇಕು. ಅಂಕಣದ ಸುತ್ತ ಅಚ್ಚುಕಟ್ಟಾಗಿ ಕತ್ತರಿಸಿ, ದಿನಾಂಕವಿರುವ ಮೇಲಿನ ಪಟ್ಟಿಯನ್ನು ಬಿಟ್ಟಿರುವುದು ಇಂತಹ ಸಂಗ್ರಹಗಳ ಸಾಮಾನ್ಯ ದೋಷ. ಆಗ ತುಣುಕನ್ನು ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ಅರ್ಧಕ್ಕೆ ತುಂಡಾದ ಕ್ರಿಕೆಟ್ ಅಂಕಪಟ್ಟಿಯೋ ಸಿನಿಮಾ ಜಾಹೀರಾತೋ ಇದ್ದರೆ ವಾರವನ್ನು ಗುರುತಿಸುವುದು ಕಷ್ಟವಲ್ಲ. ಅಂಕಣದಲ್ಲಿ ಪ್ರಸ್ತಾಪವಾದ ಕಾರ್ಯಕ್ರಮಗಳೂ ನೆರವಿಗೆ ಬರುತ್ತವೆ. ‘ಹಮ್ ಲೋಗ್’ ಆರಂಭವಾದದ್ದು 1984ರ ಜುಲೈ 7ರಂದು. ‘ರಾಮಾಯಣ’ 1987ರ ಜನವರಿ 25ರಿಂದ ಮರುವರ್ಷದ ಜುಲೈವರೆಗೆ ಭಾನುವಾರ ಬೆಳಿಗ್ಗೆ ನಡೆಯಿತು. ‘ಮಹಾಭಾರತ’ 1988ರ ಅಕ್ಟೋಬರ್ 2ರಂದು ಮೊದಲಾಯಿತು. ಇಂತಹ ಗೂಟಗಳನ್ನು ನೆಟ್ಟುಕೊಂಡರೆ ನಡುವಿನ ಅಂಕಣಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಕಾರ್ಯಕ್ರಮ ಪ್ರಸಾರವಾದ ದಿನವೂ ಅಂಕಣ ಅಚ್ಚಾದ ದಿನವೂ ಬೇರೆಬೇರೆ ಎಂಬುದನ್ನು ಮರೆಯದೆ ಎರಡನ್ನೂ ಬರೆದಿಟ್ಟುಕೊಳ್ಳಬೇಕು.

ಮನೆಯಲ್ಲಿ ಸಿಗದಿದ್ದನ್ನು ಗ್ರಂಥಾಲಯಗಳಲ್ಲಿ ಹುಡುಕಬೇಕು. ಪುಸ್ತಕ ಮತ್ತು ಪತ್ರಿಕೆಗಳ ಪ್ರತಿಗಳನ್ನು ಒಪ್ಪಿಸುವ ಕುರಿತ 1954ರ ಕಾಯ್ದೆಯ ಅನ್ವಯ ಪ್ರತಿಗಳನ್ನು ಸ್ವೀಕರಿಸುವ ಗ್ರಂಥಾಲಯಗಳಲ್ಲಿ ಫೋರ್ಟಿನ ಟೌನ್ ಹಾಲಿನಲ್ಲಿರುವ ಕೇಂದ್ರ ಗ್ರಂಥಾಲಯವೂ ಒಂದು. ಆದರೆ ಕಾಯ್ದೆ ಇದ್ದ ಮಾತ್ರಕ್ಕೆ ಎಲ್ಲ ಸಂಚಿಕೆಗಳೂ ಅಲ್ಲಿ ಜೋಡಿಸಿಟ್ಟಿರುತ್ತವೆ ಎಂದು ನಂಬಿ ಹೋಗಬಾರದು. ಪತ್ರಿಕಾ ಕಚೇರಿಯ ಹಳೆಯ ಕಡತಗಳು, ಕಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, 1926ರಲ್ಲಿ ಸ್ಥಾಪನೆಯಾದ ಮಾಟುಂಗದ ಮೈಸೂರು ಅಸೋಸಿಯೇಷನ್ ಮತ್ತು ಇತರ ಸಂಘಗಳ ಗ್ರಂಥಾಲಯಗಳು, ಇವುಗಳಲ್ಲೆಲ್ಲ ವಿಚಾರಿಸುವುದು ಒಳ್ಳೆಯದು. ಕಾವ್ಯನಾಮದಲ್ಲಿಯೋ ಹೆಸರಿನ ಮೊದಲಕ್ಷರಗಳಲ್ಲಿಯೋ ಬರೆದವರಾದರೆ, ಅದೇ ಅಕ್ಷರಗಳಲ್ಲಿ ಬೇರೊಬ್ಬರು ಬರೆಯುತ್ತಿರಲಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ರಾವ್, ಶೆಟ್ಟಿ, ಪೂಜಾರಿಗಳು ತುಂಬಿರುವ ಈ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಅಂಕಣಗಳು ಕೈಗೆ ಬಂದ ಮೇಲೆ ಅವನ್ನು ಟಿ.ವಿ.ಯ ಇತಿಹಾಸದ ಪಕ್ಕದಲ್ಲಿಟ್ಟು ಓದಬೇಕು. ಬೆಂಗಳೂರಿನಲ್ಲಿ ಬರೆದವರ ಇತಿಹಾಸ ಮುಂಬಯಿಯವರಿಗೆ ಹೊಂದುವುದಿಲ್ಲ. ವರ್ಲಿಯ ದೂರದರ್ಶನ ಕೇಂದ್ರ 1972ರ ಅಕ್ಟೋಬರ್ 2ರಂದು ಆರಂಭವಾಯಿತು. ಅದರ ಸ್ಥಳೀಯ ಕಾರ್ಯಕ್ರಮಗಳು ಮುಖ್ಯವಾಗಿ ಮರಾಠಿ, ಹಿಂದಿ, ಗುಜರಾತಿಗಳಲ್ಲಿದ್ದವು. ಬೆಂಗಳೂರು ಕೇಂದ್ರದ ಪ್ರಸಾರ ಇಲ್ಲಿಯ ಆಂಟೆನಾಗಳಿಗೆ ಎಟುಕುತ್ತಿರಲಿಲ್ಲವಾದ್ದರಿಂದ, ಎಂಬತ್ತರ ದಶಕದಲ್ಲಿ ಇಲ್ಲಿಯ ಕನ್ನಡಿಗರು ಭಾನುವಾರ ಮಧ್ಯಾಹ್ನ ರಾಷ್ಟ್ರೀಯ ಪ್ರಸಾರದಲ್ಲಿ ಕನ್ನಡ ಚಿತ್ರದ ಸರದಿ ಬರುವವರೆಗೆ ಕಾಯಬೇಕಾಗಿತ್ತು. 1994ರಲ್ಲಿ ಉದಯ ಟಿ.ವಿ. ಬಂದ ಮೇಲೂ ಅದನ್ನು ನೋಡುವ ಭಾಗ್ಯ ಬಡಾವಣೆಯ ಕೇಬಲ್‌ನವರ ಮರ್ಜಿಗೆ ಬಿಟ್ಟದ್ದಾಗಿತ್ತು. ಇಂತಹ ನಗರದಲ್ಲಿ ಕನ್ನಡದಲ್ಲಿ ಟಿ.ವಿ. ವಿಮರ್ಶೆ ಬರೆಯುವುದೆಂದರೆ, ಹಿಂದಿ, ಮರಾಠಿ ಕಾರ್ಯಕ್ರಮಗಳನ್ನು ನೋಡಿ ಬಂದ ಓದುಗರೊಂದಿಗೆ ಕನ್ನಡದಲ್ಲಿ ವಾದಕ್ಕೆ ಕೂರುವುದು. ನಿಮ್ಮ ಲೇಖನದ ವ್ಯಕ್ತಿ ಯಾವ ಭಾಷೆಯ ಕಾರ್ಯಕ್ರಮಗಳ ಬಗ್ಗೆ ಎಷ್ಟು ಬರೆದರು, ಆ ಪ್ರಮಾಣ ಯಾವಾಗ ಬದಲಾಯಿತು ಎಂಬುದನ್ನು ದಶಕವಾರು ಎಣಿಸಿ ನೋಡಿದರೆ, ಬೇರಾವ ಮೂಲದಿಂದಲೂ ದೊರೆಯದ ಸಂಗತಿ ಹೊರಬೀಳುತ್ತದೆ.

ಬಂಧುಗಳೂ ಸಹೋದ್ಯೋಗಿಗಳೂ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ನನ್ನ ಮಟ್ಟಿಗೆ ಬಹಳ ಮುಖ್ಯವಾದುದು ಒಂದಿದೆ: ಇವರು ಟಿ.ವಿ. ನೋಡುತ್ತಿದ್ದುದು ಯಾವಾಗ? ದಿನಪತ್ರಿಕೆಯ ಉಪಸಂಪಾದಕರ ಪಾಳಿ ಸಂಜೆ ಆರಂಭವಾಗಿ, ಪುಟಗಳು ಅಚ್ಚಿಗೆ ಹೋದ ಮೇಲೆಯೇ ಮುಗಿಯುತ್ತದೆ. ಅವರು ಕೊನೆಯ ಲೋಕಲ್ ಹಿಡಿದು ಮನೆ ಸೇರುವ ಹೊತ್ತಿಗೆ ಕೇರಿಯ ಟಿ.ವಿ.ಗಳೆಲ್ಲ ಆರಿರುತ್ತವೆ. ನಾಡೆಲ್ಲ ಧಾರಾವಾಹಿ ನೋಡುವ ಎಂಟರಿಂದ ಹತ್ತರ ಅವಧಿಯಲ್ಲಿ ಸುದ್ದಿಗಳಿಗೆ ತಲೆಬರಹ ಕೊಡುತ್ತಿದ್ದವರು ಅಂಕಣ ಬರೆದದ್ದು ಹೇಗೆ? ಕಚೇರಿಯ ಮೂಲೆಯಲ್ಲಿದ್ದ ಟಿ.ವಿ.ಯನ್ನು ಓರೆಗಣ್ಣಿನಿಂದ ನೋಡಿಯೇ, ಮನೆಯವರು ವಿ.ಸಿ.ಆರ್.ನಲ್ಲಿ ಮುದ್ರಿಸಿಟ್ಟ ಕ್ಯಾಸೆಟ್ಟಿನಿಂದಲೇ, ಅಂಧೇರಿಯ ನಿರ್ಮಾಣ ಸಂಸ್ಥೆಗಳು ಮುಂಚಿತವಾಗಿ ಕಳುಹಿಸಿದ ಪ್ರತಿಯಿಂದಲೇ, ಅಥವಾ ವಾರದ ರಜೆಯನ್ನು ಅದಕ್ಕೆಂದೇ ಮೀಸಲಿಟ್ಟೇ? ಉತ್ತರ ಯಾವುದೇ ಆಗಿರಲಿ, ಅದರಿಂದ ಅಂಕಣದ ಸ್ವರೂಪ ಅರ್ಥವಾಗುತ್ತದೆ: ದೈನಿಕ ಧಾರಾವಾಹಿಗಳನ್ನು ಬಿಟ್ಟು ಭಾನುವಾರದ ಕಾರ್ಯಕ್ರಮಗಳ ಬಗ್ಗೆಯೇ ಬರೆದವರ ಆಯ್ಕೆಯ ಹಿಂದೆ ಅಭಿರುಚಿಗಿಂತ ಪಾಳಿಯ ವೇಳಾಪಟ್ಟಿಯೇ ಇದ್ದಿರಬಹುದು. ಅಂಕಣಕ್ಕೆ ಪ್ರತ್ಯೇಕ ಗೌರವಧನವಿತ್ತೇ, ಅದು ಸಂಬಳದಲ್ಲಿಯೇ ಸೇರಿತ್ತೇ ಎಂದೂ ಕೇಳಬೇಕು. ಹುದ್ದೆಯ ವಿಷಯದಲ್ಲಿ ಮಾತ್ರ ನೆನಪುಗಳನ್ನು ನೆಚ್ಚದೆ ನೇಮಕಾತಿ ಪತ್ರ, ಭವಿಷ್ಯನಿಧಿಯ ಚೀಟಿಗಳನ್ನು ನೋಡಿ ಬರೆಯಬೇಕು. ಮುಖ್ಯ ಉಪಸಂಪಾದಕರಾಗಿ ನಿವೃತ್ತರಾದವರು ಸ್ಮರಣ ಸಂಚಿಕೆಗಳಲ್ಲಿ ಸಂಪಾದಕರಾಗಿಬಿಡುವುದು ನಮ್ಮಲ್ಲಿ ಹೊಸದೇನಲ್ಲ.

ವಿಮರ್ಶೆಯ ಗುಣವನ್ನು ಅಳೆಯಲು ವಿವಾದದ ವಾರಗಳನ್ನು ಆರಿಸಿಕೊಳ್ಳುವುದು ಉತ್ತಮ ಉಪಾಯ. 1988ರ ಜನವರಿಯಲ್ಲಿ ದೇಶವಿಭಜನೆಯ ಕಥೆಯಾದ ‘ತಮಸ್’ ಪ್ರಸಾರವಾಗುತ್ತಿದ್ದಾಗ ಬಾಂಬೆ ಹೈಕೋರ್ಟಿನಲ್ಲಿ ಅದಕ್ಕೆ ತಡೆಯಾಜ್ಞೆ ಬಂತು. ಬಳಿಕ ಇಬ್ಬರು ನ್ಯಾಯಮೂರ್ತಿಗಳು ಧಾರಾವಾಹಿಯನ್ನು ಸ್ವತಃ ವೀಕ್ಷಿಸಿ ತಡೆಯನ್ನು ತೆರವುಗೊಳಿಸಿದರು. ಹಾಗೆಯೇ 2012ರಲ್ಲಿ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂಗಳಿಗೆ ಡಬ್ ಆಗಿಯೂ ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್‌ಗೆ ಕನ್ನಡ ಚಿತ್ರೋದ್ಯಮದ ವಿರೋಧವೇ ಅದಕ್ಕೆ ಕಾರಣವಾಗಿತ್ತು. ಅದನ್ನು ಹಿಂದಿಯಲ್ಲಿಯೇ ನೋಡುತ್ತಿದ್ದ ಮುಂಬಯಿ ಕನ್ನಡಿಗರಿಗೆ ಈ ವಿವಾದ ಹೇಗೆ ಕಂಡಿತು? ಇಂತಹ ವಾರಗಳಲ್ಲಿ ನಿಮ್ಮ ಅಂಕಣಕಾರರು ಏನು ಬರೆದರು, ಏನನ್ನೂ ಬರೆಯದೆ ಬೇರೆ ವಿಷಯಕ್ಕೆ ಜಾರಿಕೊಂಡರೇ ಎಂಬುದನ್ನು ಅವರದೇ ಎರಡು ಮೂರು ವಾಕ್ಯಗಳೊಂದಿಗೆ ತೋರಿಸಿದರೆ, ‘ನಿರ್ಭೀತ ಲೇಖಕ’ ಎಂಬ ವಿಶೇಷಣವನ್ನು ನೀವು ಬಳಸಬೇಕಾಗಿಯೇ ಬರುವುದಿಲ್ಲ. ಅಂಕಣದಲ್ಲಿ ವೀಕ್ಷಕರ ಸಂಖ್ಯೆಯ ಮಾತು ಬಂದರೆ ಎಚ್ಚರಿಕೆ ಬೇಕು: ಟಿ.ವಿ. ವೀಕ್ಷಣೆಯನ್ನು ಅಳೆಯುವ ಈಗಿನ ಬಾರ್ಕ್ ಸಂಸ್ಥೆಯ ಅಂಕಿಗಳು 2015ರಿಂದ ಈಚಿನವು, ಅದಕ್ಕೆ ಮೊದಲಿನ ಅಳತೆಯ ವ್ಯವಸ್ಥೆ ಬೇರೆ, ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿ ಹೋಲಿಸಬಾರದು.

ಮುಜುಗರದ ಸಂಗತಿಗಳನ್ನು ಅಡಗಿಸುವ ಅಗತ್ಯವಿಲ್ಲ. ವಿಮರ್ಶಕರೇ ಯಾವುದಾದರೂ ಧಾರಾವಾಹಿಗೆ ಸಂಭಾಷಣೆ ಬರೆದಿದ್ದರೆ, ಅದೇ ವಾಹಿನಿಯ ಕಾರ್ಯಕ್ರಮಗಳನ್ನು ಅದೇ ಅವಧಿಯಲ್ಲಿ ಹೊಗಳಿದ್ದರೆ, ಎರಡರ ದಿನಾಂಕಗಳನ್ನೂ ಕೊಟ್ಟು ತೀರ್ಮಾನವನ್ನು ಓದುಗರಿಗೆ ಬಿಡಬಹುದು. ‘ಕನ್ನಡದ ಮೊತ್ತಮೊದಲ ಟಿ.ವಿ. ವಿಮರ್ಶಕ’ ಎಂಬಂತಹ ಮಾತನ್ನು ಯಾರು ಹೇಳಿದರೂ ಬರೆಯದಿರುವುದು ಕ್ಷೇಮ. ಒಂದು ನಿಧನವಾರ್ತೆಯಲ್ಲಿ ನುಸುಳಿದ ತಪ್ಪು ಮುಂದಿನ ಹತ್ತು ಲೇಖನಗಳಲ್ಲಿ ಯಥಾವತ್ತಾಗಿ ಮರುಕಳಿಸುವುದರಿಂದ, ಹುಟ್ಟಿದ ವರ್ಷವನ್ನು ಕೂಡ ಶಾಲೆಯ ದಾಖಲೆಯೊಂದಿಗೆ ತಾಳೆ ನೋಡಬೇಕು.

ಕರಡು ಸಿದ್ಧವಾದ ಮೇಲೆ ಮನೆಯವರಿಗೆ ಓದಲು ಕೊಡುವಾಗ, ಸಂಗತಿಗಳ ತಪ್ಪನ್ನು ಮಾತ್ರ ತಿದ್ದಬಹುದು, ಅಭಿಪ್ರಾಯಗಳನ್ನಲ್ಲ ಎಂದು ಮೊದಲೇ ವಿನಯದಿಂದ ತಿಳಿಸಿರಬೇಕು. ಅಂಕಣಕಾರರೊಂದಿಗೆ ಒಂದೇ ಮೇಜಿನಲ್ಲಿ ದುಡಿದ ಸಹೋದ್ಯೋಗಿಯೊಬ್ಬರಿಗೂ ಒಂದು ಪ್ರತಿ ಹೋಗಲಿ. ಸನ್ಮಾನಗಳು ಒಂದು ವಾಕ್ಯಕ್ಕೆ ಮೀರದಿರಲಿ. ಮಿಕ್ಕ ಜಾಗಕ್ಕೆ ಇಡಿಯಾಗಿ ಒಂದು ಅಂಕಣವನ್ನೇ ಮರುಮುದ್ರಿಸಬಹುದು. ಮೂಲ ತುಣುಕುಗಳನ್ನು ಮನೆಯವರಿಗೆ ಹಿಂದಿರುಗಿಸಿ, ದಿನಾಂಕ ಗುರುತಿಸಿದ ಛಾಯಾಪ್ರತಿಗಳ ಒಂದು ಕಟ್ಟನ್ನು, ಅವರ ಒಪ್ಪಿಗೆ ಪಡೆದು, ಕನ್ನಡ ವಿಭಾಗಕ್ಕೋ ಸಂಘದ ಗ್ರಂಥಾಲಯಕ್ಕೋ ಒಪ್ಪಿಸಬೇಕು. ಕಟ್ಟಿನ ಮೇಲೆ ಪತ್ರಿಕೆಯ ಹೆಸರು, ಅಂಕಣದ ಶೀರ್ಷಿಕೆ, ಮೊದಲ ಮತ್ತು ಕೊನೆಯ ಕಂತಿನ ದಿನಾಂಕಗಳು, ಸಿಗದೆ ಹೋದ ವಾರಗಳು ನಮೂದಾಗಿರಲಿ.