ಸೈಕಲ್‌ಗೆ ದನದ ಗಂಟೆ: ಆನೆ ದಾರಿಯಲ್ಲಿ ನನ್ನ ಅನುಭವ

ನಮ್ಮ ಕಡೆ ಈಗ ಮೂರ್ನಾಲ್ಕು ಜನ ಸೈಕಲ್‌ಗೆ ದನದ ಗಂಟೆ ಕಟ್ಟಿಕೊಂಡಿದ್ದಾರೆ. ಶುರುವಿನಲ್ಲಿ ನನ್ನನ್ನು ನೋಡಿ ನಕ್ಕವರೇ ಅವರು. ಹಾಗಾಗಿ ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಬೇಲೂರು ತಾಲ್ಲೂಕಿನ ಅರೇಹಳ್ಳಿ–ಬಿಕ್ಕೋಡು ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು. ಮನೆಯಿಂದ ತೋಟಕ್ಕೆ ಹತ್ತು ಹನ್ನೊಂದು ಕಿಲೋಮೀಟರ್. ಬೆಳಗ್ಗೆ ಎಂಟರೊಳಗೆ ಹಾಜರಿ ಹಾಕಬೇಕು. ಕೊಯ್ಲಿನ ಕಾಲದಲ್ಲಿ ಹಣ್ಣು ತೂಕ ಹಾಕಿ, ಲೆಕ್ಕ ಮುಗಿಸಿ ಹೊರಡುವಾಗ ಕತ್ತಲಾಗಿರುತ್ತದೆ. ಬೆಳಗ್ಗೆ, ಸಂಜೆ ಎರಡೂ ಹೊತ್ತು ಪ್ರಾಣಿಗಳು ಓಡಾಡುವಂಥವೇ. ಮೊದಲು ಸ್ಕೂಟರ್ ಇತ್ತು. ಪೆಟ್ರೋಲ್‌ಗೇ ತಿಂಗಳಿಗೆ ಸಾವಿರದ ಐನೂರರ ಹತ್ತಿರ ಹೋಗುತ್ತಿತ್ತು, ಅದರ ಮೇಲೆ ಸರ್ವಿಸ್. ಅಷ್ಟರಲ್ಲಿ ಶುಗರ್ ಬಂತು. ಡಾಕ್ಟರು ದಿನಾ ಬೆವರು ಬರಿಸಿ ಅಂದರು. ಹಾಸನದಲ್ಲಿ ಒಂದು ಗೇರ್ ಸೈಕಲ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಎಂಟು ಸಾವಿರ ಚಿಲ್ಲರೆ. ಅದನ್ನೇ ತಂದೆ.

"ರೈಟ್ರೇ, ಇನ್ಶೂರೆನ್ಸ್ ಮಾಡ್ಸಿದ್ದೀರಾ?" ಎಂದು ಟೀ ಅಂಗಡಿಯಲ್ಲಿ ಕೇಳಿದರು. ತಮಾಷೆಯೇನಲ್ಲ. ನಮ್ಮ ಕಡೆ ಆನೆ ಎಷ್ಟು ಮಾಮೂಲಿ ಅಂದರೆ ಅವಕ್ಕೆ ಹೆಸರುಗಳೇ ಇವೆ. ಭೀಮ, ಬೀಟಮ್ಮ, ಭುವನೇಶ್ವರಿ. 2014ರಲ್ಲಿ ಆಲೂರು–ಸಕಲೇಶಪುರ ಕಡೆಯಿಂದ 22 ಆನೆ ಹಿಡಿದು ಸಾಗಿಸಿದಾಗ ಇನ್ನು ಮುಗೀತು ಅಂದುಕೊಂಡೆವು. ಎಲ್ಲಿ ಮುಗೀತು?

ಮೊದಲ ತಿಂಗಳುಗಳಲ್ಲೇ ನನಗೆ ಒಂದು ವಿಷಯ ಗೊತ್ತಾಯಿತು. ಸೈಕಲ್‌ನ ಅಪಾಯ ಅದರ ನಿಧಾನದಲ್ಲಿಲ್ಲ, ಅದರ ಮೌನದಲ್ಲಿದೆ. ಬೈಕು, ಜೀಪು ಬರುವುದು ಪ್ರಾಣಿಗಳಿಗೆ ಅರ್ಧ ಕಿಲೋಮೀಟರ್ ಮೊದಲೇ ಗೊತ್ತಾಗುತ್ತದೆ. ನಡೆಯುವವನು ಕೆಮ್ಮುತ್ತಾನೆ, ಮಾತಾಡುತ್ತಾನೆ, ಎಲೆ ತುಳಿಯುತ್ತಾನೆ. ಸೈಕಲ್ ಇಳಿಜಾರಿನಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಸದ್ದೇ ಇಲ್ಲದೆ ತಿರುವಿಗೆ ಬಂದು ನಿಲ್ಲುತ್ತದೆ. ಫ್ರೀವೀಲ್‌ಗೆ ಗ್ರೀಸ್ ತುಂಬಿದ್ದರೆ ಆ ಟಿಕ್‌ಟಿಕ್ ಕೂಡ ಇರುವುದಿಲ್ಲ. ಒಮ್ಮೆ ಹೀಗೇ ತಿರುವು ಹೊರಳಿದಾಗ ಒಂದು ಹೆಣ್ಣಾನೆ ಮತ್ತು ಮರಿ, ಇಪ್ಪತ್ತು ಇಪ್ಪತ್ತೈದು ಅಡಿ ದೂರದಲ್ಲಿ. ನನಗಿಂತ ಅದಕ್ಕೇ ಜಾಸ್ತಿ ಗಾಬರಿಯಾಯಿತು. ಕಿವಿ ಅಗಲಿಸಿ ಎರಡು ಹೆಜ್ಜೆ ಮುಂದೆ ಬಂತು, ಆಮೇಲೆ ಮರಿಯನ್ನು ತಳ್ಳಿಕೊಂಡು ಬೇಲಿ ಮುರಿದು ತೋಟಕ್ಕೆ ಇಳಿಯಿತು. ಅವತ್ತು ಹಾಜರಿ ಪುಸ್ತಕದಲ್ಲಿ ನನ್ನ ಅಕ್ಷರ ನನಗೇ ಓದಲು ಬರಲಿಲ್ಲ.

ಸದ್ದು ಮಾಡಬೇಕು ಅಂತ ತೀರ್ಮಾನವಾಯಿತು. ಯಾವ ಸದ್ದು ಅನ್ನುವುದರಲ್ಲೇ ದುಡ್ಡು ಹೋಯಿತು.

ಮೊದಲು ಬ್ಯಾಟರಿ ಹಾರ್ನ್. ನಾನೂರೈವತ್ತು ರೂಪಾಯಿ. ಕಿವಿ ಹರಿಯುವಂಥದ್ದು. ಕಾಟಿ (ಕಾಡುಕೋಣ) ಹಿಂಡೊಂದು ರಸ್ತೆ ದಾಟುತ್ತಿತ್ತು, ದೂರದಿಂದಲೇ ಒತ್ತಿದೆ. ಅರ್ಧ ಆ ಕಡೆ, ಅರ್ಧ ಈ ಕಡೆ ಆದವು. ಈ ಕಡೆ ಉಳಿದವು ಒಂದೊಂದಾಗಿ ನನ್ನ ಮುಂದೆಯೇ ಎಗರಿ ಓಡಿದವು. ಕಾಟಿ ವಿಷಯ ನಿಮಗೆ ಗೊತ್ತಲ್ವಾ, ಒಂದು ದಾಟಿತು ಅಂದರೆ ಹಿಂದೆ ಇನ್ನೂ ಇದೆ ಅಂತಲೇ ಲೆಕ್ಕ. ಹಾರ್ನ್ ಬೆಚ್ಚಿಬೀಳಿಸುತ್ತದೆ. ಬೆಚ್ಚಿದ ಪ್ರಾಣಿ ಯಾವ ಕಡೆ ಓಡುತ್ತದೋ ಅದಕ್ಕೇ ಗೊತ್ತಿಲ್ಲ. ಆನೆಗಂತೂ ಹಾರ್ನ್ ಕಂಡರಾಗದು. ದಿನಾ ಜೀಪು, ಲಾರಿಯವರು ಅದರ ಮೇಲೆ ಹಾರ್ನ್ ಬಾರಿಸಿ ಬಾರಿಸಿ ಸಿಟ್ಟು ತುಂಬಿಸಿಟ್ಟಿದ್ದಾರೆ.

ಎರಡನೆಯದು ಲೈಟು. ಸಾವಿರದ ಎಂಟುನೂರು ಕೊಟ್ಟು ಬೆಂಗಳೂರಿನಿಂದ ತರಿಸಿದೆ. ಮಂಜಿನಲ್ಲಿ ಹಾಕಿದರೆ ಬೆಳಕೆಲ್ಲ ತಿರುಗಿ ನನ್ನ ಮುಖಕ್ಕೇ ಹೊಡೆಯುತ್ತದೆ, ಎದುರಿಗೆ ಬಿಳಿ ಗೋಡೆ. ಮಂಜಿಲ್ಲದ ದಿನ ಒಂದು ಹಂದಿ ಬೆಳಕಿನ ಪಟ್ಟೆ ಹಿಡಿದುಕೊಂಡೇ ನನ್ನ ಕಡೆ ನೆಟ್ಟಗೆ ಬಂತು. ಈಗ ಹಳದಿ ಬಣ್ಣದ ಮಂದ ಲೈಟು ಸಾಕು ಅಂತ ಇಟ್ಟುಕೊಂಡಿದ್ದೇನೆ. ಅದನ್ನು ಹದಿನೈದು ಅಡಿ ಮುಂದಿನ ನೆಲಕ್ಕೆ ಇಳಿಸಿದ್ದೇನೆ. ಪ್ರಾಣಿ ಹುಡುಕುವುದಕ್ಕಲ್ಲ. ಲದ್ದಿ, ಮುರಿದ ಬೈನೆ ಮರದ (ತಾಳೆ ಜಾತಿಯದು) ಗರಿ, ಸಂಜೆ ಟಾರಿನ ಬಿಸಿಗೆ ಬಂದು ಮಲಗುವ ಮಂಡಲದ ಹಾವು, ಇವು ಕಂಡರೆ ಸಾಕು. ಆ ದುಬಾರಿ ಲೈಟು ಈಗ ಕೊಟ್ಟಿಗೆಯಲ್ಲಿದೆ. ಹಸು ಕರು ಹಾಕಿದಾಗ ಉಪಯೋಗಕ್ಕೆ ಬಂತು.

ಮೂರನೆಯದನ್ನು ಹೇಳಲೇಬೇಕು. ಜೇನಿನ ಸದ್ದು. ಕೀನ್ಯಾದಲ್ಲಿ ಆನೆಗಳು ಜೇನು ಗುಂಯ್‌ಗುಟ್ಟಿದರೆ ಓಡುತ್ತವೆ ಎಂದು ಓದಿದ್ದೆ. ಅಸ್ಸಾಂ ಕಡೆ ರೈಲ್ವೆಯವರು ಹಳಿ ಹತ್ತಿರ ಸ್ಪೀಕರ್‌ನಲ್ಲಿ ಅದೇ ಸದ್ದು ಹಾಕುತ್ತಾರೆ. 2021ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದವರು ಕೊಡಗಿನಲ್ಲಿ ಆನೆ ದಾರಿಗೆ ಜೇನುಪೆಟ್ಟಿಗೆಗಳನ್ನೇ ಇಟ್ಟರು. ಸರಿ, ನಾನೂ ಒಂದು ಚಿಕ್ಕ ಬ್ಲೂಟೂತ್ ಸ್ಪೀಕರ್ ತಗೊಂಡೆ, ಸಾವಿರದ ನೂರೋ ಏನೋ. ಪರಿಚಯದವರ ತುಡುವೆ ಜೇನಿನ ಪೆಟ್ಟಿಗೆಯ ಹತ್ತಿರ ಫೋನ್ ಹಿಡಿದು, ಪೆಟ್ಟಿಗೆ ತಟ್ಟಿ, ಸಿಟ್ಟಿನ ಸದ್ದು ರೆಕಾರ್ಡ್ ಮಾಡಿದೆ. ಎರಡು ಕಡೆ ಕಚ್ಚಿಸಿಕೊಂಡೆ. ಹ್ಯಾಂಡಲ್‌ಗೆ ಕಟ್ಟಿ ಹೊರಟರೆ ಗಾಳಿಯಲ್ಲಿ ನನಗೇ ಕೇಳಿಸುತ್ತಿರಲಿಲ್ಲ. ಒಂದು ಆನೆ ಬೈನೆ ಸೀಳುತ್ತಾ ನಿಂತಿತ್ತು. ನೂರು ನೂರೈವತ್ತು ಅಡಿಯಿಂದ ಪೂರ್ತಿ ವಾಲ್ಯೂಮ್ ಹಾಕಿದೆ. ಕಿವಿ ಕೂಡ ಅಲುಗಿಸಲಿಲ್ಲ. ಟೀ ಅಂಗಡಿಯ ನಾಯಿಗಳಿಗೆ ಮಾತ್ರ ಹುಚ್ಚು ಹಿಡಿಯಿತು. ನಿಜವಾದ ಜೇನು ಇದ್ದ ಕಡೆ ಅದು ಕೆಲಸ ಮಾಡಬಹುದು. ಸೈಕಲ್ ಮೇಲೆ ಸುಮ್ನೆ ದಂಡ.

ನಾಯಿ ಅಂದಾಗ ನೆನಪಾಯಿತು. ಸೈಕಲ್‌ನವನನ್ನು ಇಲ್ಲಿ ಕೆಡವಿದ ಪ್ರಾಣಿ ಆನೆಯೂ ಅಲ್ಲ, ಕಾಟಿಯೂ ಅಲ್ಲ, ಲೈನ್ ಮನೆಗಳ (ತೋಟದ ಕೂಲಿಯವರ ಸಾಲುಮನೆಗಳ) ನಾಯಿ. ಮೊಣಕಾಲಿನ ಗುರುತು ಇನ್ನೂ ಇದೆ. ಇನ್ನೊಂದು, ನಾಯಿ ಜೊತೆಗೆ ಓಡಿಬರುವುದಕ್ಕೆ ಬಿಡಬೇಡಿ. ಅದು ಮುಂದೆ ಹೋಗಿ ಆನೆಗೆ ಬೊಗಳುತ್ತದೆ. ಆನೆ ಅಟ್ಟಿಸಿದರೆ ನಾಯಿ ಅದನ್ನು ನೇರ ನಿಮ್ಮ ಕಾಲಿನ ಹತ್ತಿರಕ್ಕೇ ತಂದು ಬಿಡುತ್ತದೆ.

ಗಂಟೆಯ ಯೋಚನೆ ಬಂದದ್ದು ಒಂದು ಪ್ಲಾಸ್ಟಿಕ್ ಬಾಟಲಿಯಿಂದ. ಚಿಕ್ಕವರಿದ್ದಾಗ ಚಕ್ರಕ್ಕೆ ತಾಗುವ ಹಾಗೆ ಬಾಟಲಿ ಸಿಕ್ಕಿಸಿ ಬೈಕ್ ಸದ್ದು ಮಾಡುತ್ತಿದ್ದೆವಲ್ಲ, ಅದೇ. ಬಾಟಲಿ ಎರಡು ದಿನಕ್ಕೆ ಹರಿದುಹೋಗುತ್ತಿತ್ತು. ಆದರೆ ಒಂದು ವ್ಯತ್ಯಾಸ ಕಂಡಿತು. ಸದ್ದು ಜೋರಾಗಿರಬೇಕಿಲ್ಲ, ಬಿಡದೆ ಇರಬೇಕು. ದೂರದಿಂದ ಶುರುವಾಗಿ ನಿಧಾನವಾಗಿ ಹತ್ತಿರ ಬರಬೇಕು. ಕಾಡುಕೋಳಿಗಳೂ ಸದ್ದು ಕೇಳಿ ಸಾವಕಾಶವಾಗಿ ನಡೆದು ಪಕ್ಕಕ್ಕೆ ಹೋಗುತ್ತಿದ್ದವು, ಮೊದಲಿನ ಹಾಗೆ ಮುಖಕ್ಕೆ ಹಾರುತ್ತಿರಲಿಲ್ಲ.

ಈ ಪ್ರಾಣಿಗಳಿಗೆ ಹುಟ್ಟಿದಾಗಿನಿಂದ ಪರಿಚಯ ಇರುವ, ಭಯವೂ ಸಿಟ್ಟೂ ಹುಟ್ಟಿಸದ ಸದ್ದು ಯಾವುದು? ಮೇಯುವ ದನದ ಗಂಟೆ. ಅದು ಕೇಳಿದರೆ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತಲೂ ಅವಕ್ಕೆ ಗೊತ್ತು. ನನ್ನ ವಾದ ಇಷ್ಟೇ. ತೋಟದ ಆಳುಗಳ ಮೇಸ್ತ್ರಿ ಒಪ್ಪಲಿಲ್ಲ. "ಆನೆಗೆ ಗಂಟೆ ಕಟ್ಟೋರನ್ನ ನೋಡಿದ್ದೆ ರೈಟ್ರೇ, ಆನೆಗೆ ಹೆದರಿ ತನಗೇ ಗಂಟೆ ಕಟ್ಕೊಳ್ಳೋರನ್ನ ಈಗ್ಲೇ ನೋಡಿದ್ದು" ಅಂದ. ನಮ್ಮ ಮಾವನವರು ಬೇರೆ ತಕರಾರು ತೆಗೆದರು: ಚಿರತೆ ಕರು ಅಂದುಕೊಂಡು ಬಂದರೆ? ಚಿರತೆ ಒಂದೆರಡು ಸಲ ಕಂಡಿದೆ. ಗಂಟೆ ಕೇಳಿ ಬಂದದ್ದೇನಲ್ಲ, ಅದರ ಕಣ್ಣು ನಾಯಿಗಳ ಮೇಲೆ.

ಗಂಟೆಯಲ್ಲೂ ಮೊದಲು ತಂದದ್ದು ಕೆಲಸಕ್ಕೆ ಬರಲಿಲ್ಲ. ಹಿತ್ತಾಳೆಯ ಚಿಕ್ಕ ಗಂಟೆ, ಇನ್ನೂರೈವತ್ತು. ಕಿಣಿಕಿಣಿ ಅಂತ ನನ್ನ ತಲೆ ತಿಂದಿತು, ನೂರು ಅಡಿ ಆಚೆಗೆ ಕೇಳಿಸುತ್ತಿರಲಿಲ್ಲ. ಆನೆಗೆ ತಗ್ಗಿನ ಸದ್ದು ಚೆನ್ನಾಗಿ ಕೇಳುತ್ತದೆ, ನಮಗೆ ಕೇಳಿಸದಷ್ಟು ತಗ್ಗಿನದೂ ಕೇಳುತ್ತದೆ. ತೀರಾ ಕೀರಲು ಸದ್ದಿನಲ್ಲಿ ನಮಗಿಂತ ಹಿಂದೆ. ಹಾಗಾಗಿ ಸಂತೆಯಲ್ಲಿ ಕಬ್ಬಿಣದ ತಗಡಿನ ದೊಡ್ಡ ಗಂಟೆ ಹುಡುಕಿದೆ. ನೂರಿಪ್ಪತ್ತು ರೂಪಾಯಿ. ಢಣ್ ಢಣ್ ಅನ್ನುವ ಒರಟು ಸದ್ದು. ಗಾಳಿ ಇಲ್ಲದಿದ್ದರೆ ಇನ್ನೂರು ಮೀಟರ್ ಆಚೆಯ ಗದ್ದೆಯಲ್ಲಿ ನಿಂತವರಿಗೂ ಕೇಳಿಸಿತು. ಮರದ ಗಂಟೆ ಇನ್ನೂ ಚೆಂದ, ಆದರೆ ನಮ್ಮ ಮಳೆಗೆ ಊದಿಕೊಂಡು ಮೂಕವಾಗುತ್ತದೆ.

ಹ್ಯಾಂಡಲ್‌ಗೆ ಕಟ್ಟಿದರೆ ಕೈಗೆ ತಾಗುತ್ತದೆ, ಬ್ರೇಕ್ ಕೇಬಲ್‌ಗೆ ಸಿಕ್ಕಿಕೊಳ್ಳುತ್ತದೆ. ಸೀಟಿನ ಕೆಳಗೆ, ಹಿಂದಿನ ಚಕ್ರಕ್ಕೆ ನಾಲ್ಕು ಬೆರಳು ಮೇಲೆ ತೂಗಬೇಕು. ಹಳೇ ಟ್ಯೂಬ್ ಕತ್ತರಿಸಿ ಕಟ್ಟಿ, ಸರಪಳಿ ಬೇಡ. ಗುಂಡಿ ಬಿದ್ದ ರಸ್ತೆಯಲ್ಲಿ ತಾನಾಗಿಯೇ ಬಾರಿಸುತ್ತದೆ, ಆ ಲೆಕ್ಕದಲ್ಲಿ ನಮ್ಮ ರಸ್ತೆ ಬಹಳ ಅನುಕೂಲ. ಹೊಸ ಟಾರು ಹಾಕಿದ ತುಂಡಿನಲ್ಲಿ, ಅದರಲ್ಲೂ ಏರಿನಲ್ಲಿ, ಸುಮ್ಮನಾಗುತ್ತದೆ. ಅದಕ್ಕೆ ಪೆಡಲ್‌ನಿಂದ ಒಂದು ವ್ಯವಸ್ಥೆ ಮಾಡಿದ್ದೇನೆ. ಚೈನಿಗೆ ದಾರ ಸಿಕ್ಕಿ ಬಹಳ ಸಲ ಬಿದ್ದು ಕಲಿತದ್ದು, ಪುಕ್ಕಟೆ ಹೇಳುವುದಿಲ್ಲ. ತೋಟಕ್ಕೆ ಬಂದರೆ ತೋರಿಸುತ್ತೇನೆ.

ಗಂಟೆ ಕಟ್ಟಿದ ಮೇಲೆ ತಿರುವಿನಲ್ಲಿ ಆನೆಗೆ ಎದುರಾದದ್ದಿಲ್ಲ. ಆನೆ ಕಂಡಿಲ್ಲ ಅಂತಲ್ಲ, ತುಂಬಾ ಕಂಡಿದೆ. ನಾನು ನೋಡುವ ಹೊತ್ತಿಗೆ ಅದು ಆಗಲೇ ನನ್ನ ಕಡೆ ತಿರುಗಿ ನಿಂತಿರುತ್ತದೆ, ಇಲ್ಲವೇ ತೋಟದೊಳಗೆ ಕೊಂಬೆ ಮುರಿಯುವ ಸದ್ದು ದೂರ ಸರಿಯುತ್ತಿರುತ್ತದೆ. ಹೋದ ಕೊಯ್ಲಿನಲ್ಲಿ ಮೇಸ್ತ್ರಿ ತನ್ನ ಟಿವಿಎಸ್ ಕೆಟ್ಟು ನನ್ನ ಹಿಂದೆಯೇ ನಡೆದುಬರುತ್ತಿದ್ದ. ಕಾಲುವೆ ಹತ್ತಿರ ಒಂದು ಸಲಗ ರಸ್ತೆ ನಡುವೆಯೇ ನಿಂತಿತ್ತು. ಭೀಮ ಅಂತ ಅವನು, ಅಲ್ಲ ಅಂತ ನಾನು. ಗಂಟೆ ಕೇಳಿ ಒಂದು ಸಲ ತಲೆ ತಿರುಗಿಸಿತು. ಅವಸರ ಇಲ್ಲದೆ ಗದ್ದೆಗೆ ಇಳಿದು ಹೋಯಿತು. ಮರುವಾರ ಮೇಸ್ತ್ರಿ ಸಂತೆಯಿಂದ ಗಂಟೆ ತಂದ. ನನ್ನದಕ್ಕಿಂತ ದೊಡ್ಡದು.

ಗಂಟೆ ಇದ್ದರೆ ಆನೆ ದಾರಿ ಬಿಡುತ್ತದೆ ಎಂದು ಯಾರಾದರೂ ತಿಳಿದುಕೊಂಡರೆ ನನ್ನ ಹೆಸರು ಹೇಳಬೇಡಿ. ನಾವು ಬರುತ್ತಿದ್ದೇವೆ ಅಂತ ತಿಳಿಸುವುದಷ್ಟೇ ಅದರ ಕೆಲಸ. ರಸ್ತೆಯಲ್ಲಿ ಆನೆ ಕಂಡರೆ ನೂರು ಮೀಟರ್ ಮೊದಲೇ ಇಳಿಯುತ್ತೇನೆ. ಗಂಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸುತ್ತೇನೆ. ಎಲ್ಲಕ್ಕಿಂತ ಮೊದಲು ಸೈಕಲ್ ತಿರುಗಿಸಿ ಇಟ್ಟುಕೊಳ್ಳುತ್ತೇನೆ. ಆನೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು, ಏರಿನಲ್ಲಿ ನನ್ನದು ಎಂಟೋ ಒಂಬತ್ತೋ. ಮದ ಬಂದ ಸಲಗ, ಮರಿ ಇರುವ ಗುಂಪು ಅಂದರೆ ವಾಪಸ್ ಮನೆಗೆ. ಅರ್ಧ ದಿನದ ಸಂಬಳ ಹೋದರೆ ಹೋಗಲಿ. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ ಅರ್ಜುನನನ್ನೇ 2023ರ ಡಿಸೆಂಬರ್ 4ರಂದು ಯಸಳೂರು ಹತ್ತಿರ ಒಂದು ಕಾಡು ಸಲಗ ತಿವಿದು ಕೊಂದಿತು. ನಮ್ಮ ಪೌರುಷ ಯಾವ ಲೆಕ್ಕ? ಹೊರಡುವ ಮೊದಲು ಅರಣ್ಯ ಇಲಾಖೆಯ ಮೆಸೇಜ್ ನೋಡುವುದನ್ನೂ ಬಿಟ್ಟಿಲ್ಲ. ರೇಡಿಯೊ ಕಾಲರ್ ಹಾಕಿದ ಗುಂಪು ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಕಾಲರ್ ಇಲ್ಲದ ಒಂಟಿಸಲಗನಿಗೇ ಗಂಟೆ ಬೇಕಾಗುವುದು.

ಈ ಓಡಾಟದಲ್ಲಿ ಇನ್ನೊಂದು ಹುಚ್ಚು ಹಿಡಿಯಿತು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆ ಎರಡರಷ್ಟು ಮಾಡಿದರೆ ಭುಜದ ಎತ್ತರ ಸಿಗುತ್ತದೆ ಅಂತಾರಲ್ಲ. ಪರೀಕ್ಷೆ ಮಾಡೋಣ ಅಂತ ಹಳೇ ಟ್ಯೂಬ್‌ಗೆ ಅಡಿ, ಇಂಚು ಗುರುತು ಹಾಕಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಟ್ಯೂಬ್ ಎಳೆದರೆ ಉದ್ದವಾಗುತ್ತದೆ, ಅಳತೆ ಕಡಿಮೆ ಬಂದು ಆನೆ ಕುಳ್ಳಾಯಿತು. ಈಗ ಬ್ರೇಕ್ ಕೇಬಲ್‌ನ ಹಳೇ ವೈರ್ ಇಟ್ಟುಕೊಂಡಿದ್ದೇನೆ. ಕೆಸರಿನಲ್ಲಿ ಬಿದ್ದ ಒಂದು ಹೆಜ್ಜೆ ನಾಲ್ಕೂಮುಕ್ಕಾಲು ಅಡಿ ಬಂತು, ಅಂದರೆ ಒಂಬತ್ತೂವರೆ ಅಡಿ ಎತ್ತರ. ಕೆಸರಿನಲ್ಲಿ ಹೆಜ್ಜೆ ಜಾರಿ ಅಗಲವಾಗುತ್ತದೆ ಎಂದು ಮೇಸ್ತ್ರಿ ಇದಕ್ಕೂ ತಕರಾರು ತೆಗೆದಿದ್ದಾನೆ.

ಹಲಸಿನ ಕಾಲ ಬಂದರೆ ಗಂಟೆಯೊಂದೇ ಸಾಲದು. ಹಣ್ಣು ಮಾಗಿದ ಮರ ಬಿಟ್ಟು ಆನೆ ಯಾವ ಸದ್ದಿಗೂ ಕದಲುವುದಿಲ್ಲ. ರಸ್ತೆಗೆ ಬಾಗಿದ ಹಲಸಿನ ಮರಗಳನ್ನೆಲ್ಲ ಹಳೇ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಗುರುತು ಮಾಡಿಟ್ಟಿದ್ದೇನೆ. ಕೆಟ್ಟ ತಿರುವಿನಲ್ಲಿರುವ ಎರಡು ಮರಗಳ ಕಾಯಿಯನ್ನು ಎಳೆಯದಾಗಿರುವಾಗಲೇ ಕೀಳಿಸುತ್ತೇನೆ. ಮರ ಹತ್ತುವವನಿಗೆ ಐನೂರು, ಮರದ ಯಜಮಾನರಿಗೆ ಒಂದು ನಮಸ್ಕಾರ. ಕಾಯಿ ಲೈನ್ ಮನೆಗಳಿಗೆ ಪಲ್ಯಕ್ಕೆ ಹೋಗುತ್ತದೆ. ನಾಯಿಗಳೂ ಈಗ ನನ್ನ ಮೇಲೆ ಸ್ವಲ್ಪ ಮೆತ್ತಗಾಗಿವೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಹಾರ್ನ್, ಲೈಟು, ಸ್ಪೀಕರ್, ಹಿತ್ತಾಳೆ ಗಂಟೆ ಸೇರಿ ಮೂರೂವರೆ ಸಾವಿರದ ಮೇಲೆ ನೀರಿಗೆ ಹೋಯಿತು. ಕೊನೆಗೆ ಕೆಲಸ ಮಾಡಿದ್ದು ನೂರಿಪ್ಪತ್ತರ ಗಂಟೆ ಮತ್ತು ಪುಕ್ಕಟೆ ಟ್ಯೂಬ್. ಗಂಟೆಯ ನಾಲಿಗೆ ವರ್ಷಕ್ಕೊಮ್ಮೆ ಸವೆಯುತ್ತದೆ, ಅರ್ಧ ಇಂಚಿನ ಬೋಲ್ಟ್ ಹಾಕಿ. ಕೊಳ್ಳುವಾಗ ಅಂಗಡಿಯವನಿಂದ ಬಾರಿಸಿ, ನೀವು ಸಂತೆಯ ಆ ತುದಿಗೆ ಹೋಗಿ ಕೇಳಿ. ನಾವು ನಾಲ್ಕು ಜನ ಕೇಳಿದ ಮೇಲೆ ಅವನು ರೇಟು ಏರಿಸಿದ್ದಾನೆ. ನೂರೈವತ್ತರ ಮೇಲೆ ಕೊಡಬೇಡಿ.