ಹಳೇ ಕಾರಿನ ತಗಡು ಬದಲಿಸುವುದು, ಸಂದಿ ಮುಚ್ಚುವುದು ಹೇಗೆ?

ಕಾಸರಗೋಡು ಕಡೆಯ ಕುಂಬಳೆ, ಉಪ್ಪಳ, ಮಂಜೇಶ್ವರದ ಅಂಗಳಗಳಲ್ಲಿ ಇನ್ನೂ ಅಂಬಾಸಿಡರ್, ಪದ್ಮಿನಿ ಕಾರುಗಳಿವೆ. ಅಜ್ಜನ ಕಾರು ಅಂತ ಪ್ರೀತಿಯಿಂದ ಟಿಂಕರಿಂಗ್ ಮಾಡಿಸಿ, ಪೇಂಟ್ ಹೊಡೆಸುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ ಗುಳ್ಳೆ ಏಳುತ್ತದೆ. ಬೆರಳಲ್ಲಿ ಒತ್ತಿದರೆ ಪುಟ್ಟಿ ಸಮೇತ ಕಳಚಿ ಬರುತ್ತದೆ. ನೋಡಿದರೆ ಹೊಸ ತಗಡಿಗೇ ತುಕ್ಕು! ಹೆಚ್ಚಿನ ಕಡೆ ವೆಲ್ಡಿಂಗ್ ಚೆನ್ನಾಗಿಯೇ ಇರುತ್ತದೆ. ತಗಡಿನ ಮೇಲೆ ತಗಡು ಕೂತ ಸಂದಿಯನ್ನು ಮಾತ್ರ ಯಾರೂ ಸರಿಯಾಗಿ ಮುಚ್ಚಿರುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಿ ಅಷ್ಟು ಸಾಕು, ಖರ್ಚೆಲ್ಲ ನೀರುಪಾಲು.

ಕೆಲಸವನ್ನು ಜನವರಿಯಲ್ಲೇ ಹಿಡಿಯಿರಿ. ಪತ್ತನಾಜೆಯ (ಮೇ ಕೊನೆಯ ವಾರ) ಒಳಗೆ ಪೇಂಟ್ ಒಣಗಿರಬೇಕು. ಸೀಟು, ಮ್ಯಾಟ್, ವೈರಿಂಗ್ ಬಿಚ್ಚಿ. ಬ್ಯಾಟರಿ ತೆಗೆಯಿರಿ. ಪೆಟ್ರೋಲ್ ಟ್ಯಾಂಕ್ ಇಳಿಸದೆ ವೆಲ್ಡಿಂಗ್ ಶುರು ಮಾಡಲು ಬಿಡಲೇಬೇಡಿ.

ಈ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯನ್ನು ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಆಂಗಲ್ ಕೊಟ್ಟು ಬಿಗಿ ಮಾಡಿ. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ. ಪೂರ್ತಿ ವೆಲ್ಡ್ ಮಾಡುವ ಮೊದಲು ಬಾಗಿಲು ಕೂರಿಸಿ, ಸುತ್ತಲಿನ ಗ್ಯಾಪ್ ಸಮ ಇದೆಯಾ ನೋಡಿ.

ಅಂಬಾಸಿಡರ್ ತಯಾರಿ 2014ರಲ್ಲೇ ನಿಂತಿತು. ಈಗ ಸಿಗುವ ರೆಡಿ ಪ್ಯಾನಲ್‌ಗಳಲ್ಲಿ ಕೆಲವು ತೀರಾ ತೆಳು. ಅದಕ್ಕಿಂತ ಒಳ್ಳೆಯ ಟಿಂಕರ್ ಕೈಯಲ್ಲಿ ಬಗ್ಗಿಸಿದ ತಗಡೇ ಮೇಲು: ಕಾಲಡಿಗೆ 18 ಗೇಜ್, ಹೊರಮೈಗೆ 20. ಮಾಡಿಗೆ ಹೊದೆಸುವ ಜಿಂಕ್ ಶೀಟ್ ಬೇಡ. ವೆಲ್ಡ್ ಮಾಡುವಾಗ ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಹಳೇ ತಗಡನ್ನು ತುಕ್ಕಿಲ್ಲದ ಗಟ್ಟಿ ಜಾಗ ಸಿಗುವವರೆಗೆ ಕತ್ತರಿಸಿ. ತೂತಿನ ಮೇಲೆ ತೇಪೆ ಹಾಕಿ ರಿವೆಟ್ ಹೊಡೆಯುವುದು, ಫೈಬರ್ ಮೆತ್ತುವುದು ಎರಡೂ ಬೇಡ. ಹೊಸ ತಗಡು ಹಳೆಯದರ ಮೇಲೆ ಅರ್ಧ ಇಂಚಿನಷ್ಟು ಕೂರಲಿ. ಒಂದರ ಮೇಲೊಂದು ಕೂರುವ ಮೈಗಳನ್ನು ಉಜ್ಜಿ, ವೆಲ್ಡಿಂಗ್ ಶಾಖ ತಾಳಿಕೊಳ್ಳುವ ಜಿಂಕ್ ಪ್ರೈಮರ್ ಹಚ್ಚಿ. ಆಮೇಲೆ ಆ ಜಾಗಕ್ಕೆ ಬ್ರಷ್ ಹೋಗುವುದಿಲ್ಲ. ಮೇಲಿನ ತಗಡಿಗೆ ಇಂಚಿಗೊಂದು 8 ಮಿ.ಮೀ. ತೂತು ಕೊರೆದು, ಕ್ಲಾಂಪ್ ಬಿಗಿದು, ಮಿಗ್ ವೆಲ್ಡಿಂಗ್‌ನಲ್ಲಿ (ತಂತಿ ತಾನಾಗಿ ಬರುವ ಕರೆಂಟ್ ವೆಲ್ಡಿಂಗ್) ಆ ತೂತುಗಳನ್ನು ತುಂಬಿಸಿ. ಸಾಲಾಗಿ ಹೋಗಬೇಡಿ. ಈ ತುದಿಯಲ್ಲಿ ಒಂದು, ಆ ತುದಿಯಲ್ಲಿ ಒಂದು. ಗ್ಯಾಸ್ ವೆಲ್ಡಿಂಗ್ ಶಾಖಕ್ಕೆ ತಗಡು ಜಾಸ್ತಿ ಸೊಟ್ಟಗಾಗುತ್ತದೆ. ಆಮೇಲೆ ಅದನ್ನು ಪುಟ್ಟಿಯಲ್ಲಿ ಮುಚ್ಚಬೇಕಾಗುತ್ತದೆ.

ಇನ್ನು ಸಂದಿ. ಇಲ್ಲಿ ಅವಸರ ಸಲ್ಲದು. ವೆಲ್ಡ್ ಉಜ್ಜಿ, ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಒರೆಸಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪಿದೆ. ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಕಡಲ ಗಾಳಿಗೆ ಬರೀ ತಗಡು ರಾತ್ರಿ ಇದ್ದರೆ ಬೆಳಿಗ್ಗೆಯೇ ಕೆಂಪಾಗಿರುತ್ತದೆ. ಪ್ರೈಮರ್ ಒಣಗಿದ ಮೇಲೆ ಪಾಲಿಯುರಿಥೇನ್ ಸೀಮ್ ಸೀಲರ್, ಅಂದರೆ ಸಂದಿ ಮುಚ್ಚುವ ಅಂಟು. ಟ್ಯೂಬಿನ ಮೂತಿ ಸಣ್ಣದಾಗಿ ಕತ್ತರಿಸಿ, ಸಂದಿಯ ಉದ್ದಕ್ಕೂ ಎಳೆಯಿರಿ. ಎಳೆದು ಹಾಗೇ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಆಗ ಸೀಲರ್ ಮೇಲೆ ಕೂತಿರುತ್ತದೆ, ಅಡಿಯಲ್ಲಿ ಗಾಳಿ. ಗಿಡ್ಡ ಕೂದಲಿನ ಬ್ರಷ್‌ನಿಂದ ಒಳಗೆ ಒತ್ತಿ, ಅಂಚುಗಳನ್ನು ತೆಳುವಾಗಿ ತಗಡಿಗೆ ಎಳೆದುಬಿಡಿ. ಕಾರಿನ ಒಳಗಿನಿಂದಲೂ ಕೆಳಗಿನಿಂದಲೂ ಮಾಡಬೇಕು. ನೀರು ಇಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಬಾತ್‌ರೂಮಿಗೆ ಹಾಕುವ ಸಿಲಿಕಾನ್ ಅಗ್ಗ ಅಂತ ತಂದುಕೊಡುವವರಿದ್ದಾರೆ. ಬೇಡವೇ ಬೇಡ. ವಿನೆಗರ್ ವಾಸನೆ ಬರುವ ಸಿಲಿಕಾನ್‌ನಿಂದ ಹೊರಡುವ ಆಮ್ಲ ತಗಡನ್ನೇ ತಿನ್ನುತ್ತದೆ, ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ಪುಟ್ಟಿಯೂ ಸೀಲರ್ ಅಲ್ಲ, ಅದು ನೀರು ಹೀರುತ್ತದೆ. ತಗ್ಗು ತುಂಬಲು ಎಪಾಕ್ಸಿ ಪ್ರೈಮರ್ ಮೇಲೆ ತೆಳ್ಳಗೆ ಹಚ್ಚಿದರೆ ಸಾಕು.

ಒಂದು ದಿನ ಬಿಟ್ಟು, ಒಳಗೆ ನೆಲದ ತುಂಬ ಹಳೇ ಪೇಪರ್ ಹಾಸಿ. ಚಕ್ರದ ಮಡ್‌ಗಾರ್ಡ್ ಒಳಗೆ, ಕಾರಿನ ಅಡಿಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ಪೇಪರ್ ಎಲ್ಲಿ ಒದ್ದೆಯಾಯಿತೋ ಅಲ್ಲಿ ಸೀಲರ್ ಕೆರೆದು, ಒಣಗಿಸಿ, ಮತ್ತೆ ಹಾಕಿ. ಪೇಂಟಿನ ಮಾತು ಅದಾದ ಮೇಲೆ.

ಪೇಂಟ್ ಒಣಗಿದ ಮೇಲೆ ಬಾಗಿಲ ಕೆಳಗಿನ ಟೊಳ್ಳಿನೊಳಗೆ ಉದ್ದ ನಳಿಗೆಯಿಂದ ಮೇಣದ ಸ್ಪ್ರೇ ಹೊಡೆಯಿರಿ. ಬಳಸಿದ ಇಂಜಿನ್ ಆಯಿಲ್ ಹೊಡೆಯುವ ಪದ್ಧತಿ ಬಿಡಿ, ರಬ್ಬರ್ ಬುಶ್‌ಗಳು ಉಬ್ಬಿ ಹಾಳಾಗುತ್ತವೆ. ಆಟಿ (ಜುಲೈ-ಆಗಸ್ಟ್‌ನ ತುಳು ತಿಂಗಳು) ಕಳೆದ ಮೇಲೆ ನೀರಿಳಿಯುವ ತೂತುಗಳಿಗೊಮ್ಮೆ ತಂತಿ ಹಾಕಿ ಕೆಸರು ತೆಗೆಯಿರಿ. ಮೇಣ ತೊಳೆದುಹೋದ ಕಡೆ ಮತ್ತೆ ಹೊಡೆಯಿರಿ.