ಬೇರೆಯವರಿಗಾಗಿ ಒಂಬತ್ತು ದಿನ: ದೈವಿಕ ಕರುಣೆಯ ನೊವೆನಾ, ನನ್ನ ಅನುಭವ

ದೈವಿಕ ಕರುಣೆಯ ನೊವೆನಾವನ್ನು, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆಯನ್ನು, ನಾನು ಶುರು ಮಾಡಿದ್ದು ನನ್ನ ಅಣ್ಣನಿಗಾಗಿ. ಅವನು ಚರ್ಚಿನ ಪೂಜೆಗೆ ಬರುವುದನ್ನು ಬಿಟ್ಟು ವರ್ಷಗಳಾಗಿದ್ದವು. ಜಗಳವಿಲ್ಲ, ಸಿಟ್ಟಿಲ್ಲ, ಸುಮ್ಮನೆ ಬಿಟ್ಟಿದ್ದ. ಒಂಬತ್ತು ದಿನವೂ ಅವನ ಹೆಸರು ಹೇಳಿ ಬೇಡಬೇಕು ಎಂಬ ಆಸೆಯಿಂದ ಪ್ರಾರ್ಥನೆಯ ಪುಸ್ತಕ ತೆರೆದೆ. ಆದರೆ ಯಾವ ದಿನ ಯಾರನ್ನು ತನ್ನ ಬಳಿಗೆ ಕರೆತರಬೇಕು ಎಂಬುದನ್ನು ಯೇಸುಸ್ವಾಮಿಯೇ ಅಲ್ಲಿ ಹೇಳಿಟ್ಟಿದ್ದರು. ಉಳಿದ ನೊವೆನಾಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ನಮ್ಮ ಬೇಡಿಕೆಗೆ ಇಲ್ಲಿ ಜಾಗವಿದೆ, ಆದರೆ ಅದು ಇಡೀ ಲೋಕದ ಬೇಡಿಕೆಯ ಒಳಗಿರುವ ಜಾಗ.

ಈ ನೊವೆನಾ ನಮಗೆ ಬಂದದ್ದು ಸಂತ ಫೌಸ್ತಿನಾ ಕೊವಾಲ್‌ಸ್ಕಾ ಅವರ ಮೂಲಕ. ಅವರು ಪೋಲೆಂಡಿನ ಸನ್ಯಾಸಿನಿ. 1905ರಲ್ಲಿ ಹುಟ್ಟಿ 1938ರಲ್ಲಿ, ಮೂವತ್ಮೂರನೇ ವಯಸ್ಸಿಗೆ ತೀರಿಕೊಂಡರು. ಕಾನ್ವೆಂಟಿನ ಅಡುಗೆಮನೆ, ತೋಟ, ಬಾಗಿಲು ಕಾಯುವುದು, ಇವೇ ಅವರ ಕೆಲಸಗಳು. 1931ರ ಫೆಬ್ರವರಿ 22ರಂದು ಪ್ಲಾಟ್ಸ್ಕ್ ನಗರದ ಕಾನ್ವೆಂಟಿನಲ್ಲಿ ಅವರಿಗೆ ಯೇಸುಸ್ವಾಮಿಯ ದರ್ಶನವಾಯಿತು. ಎದೆಯಿಂದ ಹೊಮ್ಮುವ ಎರಡು ಕಿರಣಗಳು, ಒಂದು ಕೆಂಪು, ಒಂದು ಬಿಳಿಚು. ಶಿಲುಬೆಯ ಮೇಲೆ ಪಕ್ಕೆಯನ್ನು ಇರಿದಾಗ ಹರಿದ ರಕ್ತ ಮತ್ತು ನೀರಿನ ಗುರುತು ಅವು. ಮಣಿಗಳನ್ನು ಎಣಿಸುತ್ತಾ ಹೇಳುವ ಕರುಣೆಯ ಜಪಸರದ ಪ್ರಾರ್ಥನೆ ಅವರಿಗೆ ಸಿಕ್ಕಿದ್ದು 1935ರ ಸೆಪ್ಟೆಂಬರಿನಲ್ಲಿ, ವಿಲ್ನಿಯಸ್‌ನಲ್ಲಿ. ಮುಂದೆ 1959ರಿಂದ 1978ರವರೆಗೆ ಅವರು ಹೇಳಿದ ರೂಪದಲ್ಲಿ ಈ ಭಕ್ತಿಯನ್ನು ಹರಡುವುದಕ್ಕೆ ರೋಮ್ ತಡೆ ಹಾಕಿತ್ತು. ತಡೆ ತೆರವಾದ ಮೇಲೆ, 2000ದ ಏಪ್ರಿಲ್ 30ರಂದು ಪೋಪ್ ಎರಡನೇ ಜಾನ್ ಪೌಲ್ ಫೌಸ್ತಿನಾರನ್ನು ಸಂತರೆಂದು ಘೋಷಿಸಿದರು. ಇದನ್ನೆಲ್ಲ ಓದಿದ ಮೇಲೆ ನನ್ನ ವಿಶ್ವಾಸ ಇನ್ನಷ್ಟು ಗಟ್ಟಿಯಾಯಿತು. ಇಷ್ಟು ಕಾಲ ಪರೀಕ್ಷೆಗೆ ಒಳಗಾಗಿಯೂ ಉಳಿದು ಬಂದ ಭಕ್ತಿ ಇದು.

ನೊವೆನಾ ಆರಂಭವಾಗುವುದು ಪವಿತ್ರ ಶುಕ್ರವಾರ (ಗುಡ್ ಫ್ರೈಡೇ), ಮುಗಿಯುವುದು ಪಾಸ್ಖದ (ಈಸ್ಟರ್) ನಂತರದ ಶನಿವಾರ. ಮರುದಿನ ದೈವಿಕ ಕರುಣೆಯ ಭಾನುವಾರ. ಸಾಧ್ಯವಾದಷ್ಟೂ ಮಧ್ಯಾಹ್ನ ಮೂರು ಗಂಟೆಗೆ, ಯೇಸುಸ್ವಾಮಿ ಪ್ರಾಣಬಿಟ್ಟ ಗಳಿಗೆಯಲ್ಲಿ, ಪ್ರಾರ್ಥಿಸುತ್ತೇನೆ. ಕೆಲಸದ ನಡುವೆ ಆಗದಿದ್ದರೆ ಆ ಹೊತ್ತಿಗೆ ಒಂದು ಕ್ಷಣ ಕಣ್ಣುಮುಚ್ಚಿ, ಪೂರ್ತಿ ಪ್ರಾರ್ಥನೆಯನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಮೊದಲು ಆ ದಿನದ ಪ್ರಾರ್ಥನೆ, ಆಮೇಲೆ ಮಾಮೂಲಿ ಜಪಸರದ ಮಣಿಗಳ ಮೇಲೆಯೇ ಕರುಣೆಯ ಜಪಸರ. ಪರಲೋಕ ಜಪ, ನಮೋ ಮರಿಯಾ, ವಿಶ್ವಾಸ ಪ್ರಮಾಣ ಎಂಬ ಪ್ರಾರ್ಥನೆಗಳು ಆದ ಮೇಲೆ ದೊಡ್ಡ ಮಣಿಯಲ್ಲಿ ಕ್ರಿಸ್ತರ ಶರೀರ, ರಕ್ತ, ಆತ್ಮ, ದೈವತ್ವವನ್ನು ತಂದೆಗೆ ಅರ್ಪಿಸುತ್ತೇವೆ. ಹತ್ತು ಸಣ್ಣ ಮಣಿಗಳಲ್ಲಿ, ಅವರ ಯಾತನೆಯನ್ನು ನೋಡಿ ನಮ್ಮ ಮೇಲೂ ಇಡೀ ಲೋಕದ ಮೇಲೂ ಕರುಣೆಯಿಡು ಎಂದು ಬೇಡುತ್ತೇವೆ. ಹೀಗೆ ಐದು ಸಲ. ಹೆಚ್ಚೆಂದರೆ ಹತ್ತು ನಿಮಿಷ. ಅವಸರ ಮಾಡಿದರೆ ಬರೀ ಬಾಯಿಪಾಠವಾಗುತ್ತದೆ, ಹಾಗಾಗಿ ಪ್ರತಿ ಹತ್ತು ಮಣಿಗೆ ಒಬ್ಬರ ಮುಖವನ್ನು ಮನಸ್ಸಿಗೆ ತಂದುಕೊಳ್ಳುತ್ತೇನೆ.

ಮೊದಲ ದಿನ ಇಡೀ ಮನುಕುಲಕ್ಕಾಗಿ, ಮುಖ್ಯವಾಗಿ ಪಾಪಿಗಳಿಗಾಗಿ. ಅಷ್ಟು ದೊಡ್ಡ ಗುಂಪನ್ನು ಕಣ್ಣಮುಂದೆ ತಂದುಕೊಳ್ಳಲಾಗದು, ನಾನು ಮೊದಲು ನನ್ನನ್ನೇ ಅದರಲ್ಲಿ ನಿಲ್ಲಿಸಿಕೊಳ್ಳುತ್ತೇನೆ. ಎರಡನೇ ದಿನ ಗುರುಗಳು ಮತ್ತು ಸನ್ಯಾಸಿ-ಸನ್ಯಾಸಿನಿಯರು. ನನಗೆ ಜ್ಞಾನಸ್ನಾನ ಕೊಟ್ಟ ಗುರುಗಳಿಂದ ಹಿಡಿದು ಇತ್ತೀಚೆಗೆ ನನ್ನ ಪಾಪನಿವೇದನೆ ಕೇಳಿದವರವರೆಗೆ ಒಬ್ಬೊಬ್ಬರನ್ನೇ ನೆನೆಯುತ್ತೇನೆ. ಅವರಿಗಾಗಿ ನಾವು ಪ್ರಾರ್ಥಿಸುವುದು ತೀರಾ ಕಡಿಮೆ. ಮೂರನೇ ದಿನ ಬರುವುದು ಪಾಸ್ಖ ಹಬ್ಬದಂದೇ, ಅದು ನಿಷ್ಠೆಯಿಂದ ಬಾಳುವ ಭಕ್ತರ ದಿನ. ನಾಲ್ಕನೆಯದು ದೇವರನ್ನು ನಂಬದವರಿಗೆ, ಯೇಸುವನ್ನು ಇನ್ನೂ ಅರಿಯದವರಿಗೆ. ಐದನೆಯದು ಕಥೋಲಿಕ ಧರ್ಮಸಭೆಯಿಂದ ಬೇರೆಯಾದ ಕ್ರೈಸ್ತರಿಗೆ. ಆರು, ಏಳನೇ ದಿನಗಳಲ್ಲಿ ದೀನರು, ಪುಟ್ಟ ಮಕ್ಕಳು, ದೇವರ ಕರುಣೆಯನ್ನು ವಿಶೇಷವಾಗಿ ಕೊಂಡಾಡುವವರು.

ಎಂಟನೇ ದಿನ ಶುದ್ಧೀಕರಣ ಸ್ಥಳದಲ್ಲಿರುವ, ಅಂದರೆ ಸ್ವರ್ಗ ಸೇರುವ ಮುನ್ನ ಶುದ್ಧಗೊಳ್ಳುತ್ತಿರುವ, ಆತ್ಮಗಳಿಗೆ. ನಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಜಪಸರದ ಪಕ್ಕ ಇಟ್ಟುಕೊಳ್ಳುತ್ತೇನೆ. ಕೊನೆಯಲ್ಲಿ, ಯಾರೂ ನೆನೆಯದ ಆತ್ಮಗಳಿಗೆಂದು ಒಂದು ಸಾಲು ಖಾಲಿ ಬಿಡುತ್ತೇನೆ.

ಆದರೆ ನನ್ನನ್ನು ಅಲುಗಾಡಿಸುವುದು ಒಂಬತ್ತನೆಯದು. ಅದು ಭಕ್ತಿ ತಣ್ಣಗಾದವರ ದಿನ. ಸೆರೆಯಾಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸುವಾಗ ತಾನು ಅತಿ ಹೆಚ್ಚು ಸಂಕಟಪಟ್ಟದ್ದು ಇವರಿಂದಲೇ, 'ಈ ಪಾತ್ರೆಯನ್ನು ನನ್ನಿಂದ ತೊಲಗಿಸು' ಎಂದು ಮೊರೆಯಿಟ್ಟದ್ದೂ ಇವರನ್ನು ಕಂಡೇ ಎಂದು ಯೇಸು ಫೌಸ್ತಿನಾಗೆ ಹೇಳುತ್ತಾರೆ. ಪಾಪಿಗಳನ್ನು, ನಾಸ್ತಿಕರನ್ನು ಮೊದಲೇ ಕರೆದು, ಇವರನ್ನು ಕೊನೆಗೆ ಕರೆಯುತ್ತಾರೆ. ಅಣ್ಣನ ಹೆಸರಿಗೆ ಜಾಗ ಸಿಕ್ಕಿದ್ದು ಇಲ್ಲೇ. ಹೆಸರು ಹೇಳುವಾಗ ಅವನ ಪಕ್ಕದಲ್ಲೇ ನಾನೂ ನಿಂತಿದ್ದೇನೆ ಎನಿಸಿತು. ಎಷ್ಟೋ ಭಾನುವಾರ ನಾನು ದೇವಾಲಯದಲ್ಲಿ ಕೂತಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಅಂದಿನಿಂದ ಅವನಿಗಾಗಿ ಬೇಡುವಾಗ ದೂರು ಹೇಳುವ ದನಿ ಹೋಗಿದೆ. ಅವನು ಇನ್ನೂ ಪೂಜೆಗೆ ಬರುವುದಿಲ್ಲ. ಆದರೂ ನಾವಿಬ್ಬರೂ ಈಗ ಮನಬಿಚ್ಚಿ ಮಾತಾಡುತ್ತೇವೆ, ಅದನ್ನು ನಾನು ಕರುಣೆಯ ಫಲವೆಂದೇ ಎಣಿಸುತ್ತೇನೆ.

ಹೊಸದಾಗಿ ಮಾಡುವವರಿಗೆ ಒಂದು ಮಾತು: ಪಾಪನಿವೇದನೆಯನ್ನು ಕರುಣೆಯ ಭಾನುವಾರದವರೆಗೆ ಮುಂದೂಡದೆ ಮೊದಲೇ ಮಾಡಿಕೊಳ್ಳಿ. ಆ ಭಾನುವಾರ ಪರಮಪ್ರಸಾದ ಸ್ವೀಕರಿಸಿ, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥಿಸಿ, ಕರುಣೆಯ ಆರಾಧನೆಯಲ್ಲಿ ಭಾಗವಹಿಸುವವರಿಗೆ ಧರ್ಮಸಭೆ 2002ರಿಂದ ಪೂರ್ಣ ಪಾಪದಂಡ ವಿಮೋಚನೆಯನ್ನು (ಕ್ಷಮೆ ಸಿಕ್ಕ ಪಾಪಗಳಿಗೆ ಉಳಿದ ದಂಡನೆಯ ಪೂರ್ತಿ ಮನ್ನಾ) ಕೊಟ್ಟಿದೆ, ಪಾಪದ ಮೇಲಿನ ಮೋಹವನ್ನೆಲ್ಲ ಬಿಟ್ಟ ಮನಸ್ಸು ಬೇಕು ಅಷ್ಟೇ. ನಡುವೆ ಒಂದು ದಿನ ತಪ್ಪಿಹೋದರೆ ನೊವೆನಾವನ್ನೇ ಕೈಬಿಡಬೇಡಿ, ಆ ದಿನದ ಜನರನ್ನು ಮರುದಿನದವರ ಜೊತೆ ಸೇರಿಸಿಕೊಂಡು ಮುಂದುವರಿಯಿರಿ. ಪಾಸ್ಖ ಕಾಲಕ್ಕೇ ಕಾಯಬೇಕೆಂದೂ ಇಲ್ಲ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ, ಯಾರಾದರೂ ಮರಣಶಯ್ಯೆಯಲ್ಲಿದ್ದಾಗ, ವರ್ಷದ ಯಾವ ದಿನ ಬೇಕಾದರೂ ಇದನ್ನು ಶುರುಮಾಡಬಹುದು.